ಸಿಂಗಪುರದಲ್ಲಿ ನೆನಪಿಗೊಂದು ಊಟ: ಮೈಸೂರು, ಮಂಡ್ಯದವರು ಯಾವುದನ್ನು ಆರಿಸಿಕೊಳ್ಳಬೇಕು?

ಮೈಸೂರಿನಲ್ಲಿ ಬೆಳಿಗ್ಗೆ 10.30 ಆದಾಗ ಸಿಂಗಪುರದಲ್ಲಿ ಮಧ್ಯಾಹ್ನ 1 ಗಂಟೆ. ಅಲ್ಲಿಯವರು ಊಟಕ್ಕೆ ಕೂತಿರುತ್ತಾರೆ, ನಮ್ಮ ಹೊಟ್ಟೆಯಲ್ಲಿ ಇನ್ನೂ ತಿಂಡಿ ಕರಗಿರುವುದಿಲ್ಲ. ಅಲ್ಲಿ ಸಂಜೆ 7ಕ್ಕೆ ರಾತ್ರಿ ಊಟ ಶುರುವಾದರೆ ನಮ್ಮ ದೇಹದ ಲೆಕ್ಕದಲ್ಲಿ ಅದು 4.30, ಕಾಫಿ ಹೊತ್ತು. ಎರಡೂವರೆ ಗಂಟೆಯ ಈ ಅಂತರವನ್ನು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಆದರೆ ಇಳಿದ ದಿನವೇ ದುಬಾರಿ ಹೋಟೆಲಿನಲ್ಲಿ ಮೇಜು ಕಾಯ್ದಿರಿಸಿ, ಅರ್ಧ ತಟ್ಟೆ ಹಾಗೇ ಬಿಟ್ಟು ಎದ್ದು ಬರುವುದಕ್ಕೆ ಕಾರಣ ಇದೇ. ಬೆಂಗಳೂರಿನಿಂದ ಹೊರಡುವ ವಿಮಾನಗಳಲ್ಲಿ ಹಲವು ರಾತ್ರಿಯವು. ಅದಕ್ಕೂ ಮೊದಲು ಮೈಸೂರಿನಿಂದ ಫ್ಲೈಬಸ್ಸಿನಲ್ಲೋ ಕಾರಿನಲ್ಲೋ ಕೆಂಪೇಗೌಡ ವಿಮಾನ ನಿಲ್ದಾಣದವರೆಗೆ ಹೋಗುವುದೇ ಅರ್ಧ ದಿನದ ಕೆಲಸ. ನಿದ್ದೆಗೆಟ್ಟ ನಾಲಗೆಗೆ ಯಾವ ಊಟವೂ ರುಚಿಸದು.

ನಮ್ಮ ಕಡೆಯವರು ಸಾಮಾನ್ಯವಾಗಿ ಅಲ್ಲಿರುವುದು ನಾಲ್ಕು ಹಗಲು, ಮೂರು ರಾತ್ರಿ. ತಿಂಡಿ ಬಿಟ್ಟರೆ ಕೈಗೆ ಸಿಗುವುದು ಆರೇಳು ಊಟ. ಅದರಲ್ಲಿ ಒಂದನ್ನು ಮುಖ್ಯ ಊಟ ಎಂದು ಊರಲ್ಲೇ ತೀರ್ಮಾನ ಮಾಡಿಕೊಂಡು, ಎರಡನೆಯ ಅಥವಾ ಮೂರನೆಯ ದಿನಕ್ಕೆ ಇಟ್ಟುಕೊಳ್ಳಿ. ಉಳಿದವನ್ನು ಅದರ ಸುತ್ತ ಹೊಂದಿಸಿದರಾಯಿತು. ಪ್ಯಾಕೇಜ್ ಟೂರಿನಲ್ಲಿ ಹೋಗುವವರು ದುಡ್ಡು ಕಟ್ಟುವ ಮೊದಲೇ ಏಜೆಂಟರನ್ನು ಒಂದು ಮಾತು ಕೇಳಬೇಕು: ಎಷ್ಟು ಊಟ ಸೇರಿದೆ, ಎಷ್ಟನ್ನು ಬಿಡಬಹುದು? ಮೂರೂ ರಾತ್ರಿ ಇಂಡಿಯನ್ ಬಫೆ ಸೇರಿಸಿರುವ ಪ್ಯಾಕೇಜುಗಳು ಬಹಳ. ಪನೀರ್ ಬಟರ್ ಮಸಾಲೆಗೂ ಜೀರಾ ರೈಸಿಗೂ ಅಷ್ಟು ದೂರ ಹೋಗಬೇಕಾಗಿಲ್ಲ. ಕಡೇಪಕ್ಷ ಎರಡು ರಾತ್ರಿಯ ಊಟ ತೆಗೆಸಿಹಾಕಿ, ಆ ದುಡ್ಡನ್ನು ಕೈಯಲ್ಲಿ ಇಟ್ಟುಕೊಳ್ಳಿ.

ಮುಂದೆ ಬರುವ ಬೆಲೆಗಳೆಲ್ಲ ಸಿಂಗಪುರ ಡಾಲರಿನಲ್ಲಿ, ಅಂದಾಜು. ಡಾಲರಿಗೆ 70 ರೂಪಾಯಿ ಎಂದು ಹಿಡಿದರೆ ಲೆಕ್ಕ ಸುಲಭ.

ಹಾಕರ್ ಸೆಂಟರ್

ದೊಡ್ಡ ಸೂರಿನಡಿ ಎಂಬತ್ತೋ ನೂರೋ ಪುಟ್ಟ ಅಂಗಡಿ, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಬೀದಿಯಲ್ಲಿ ಗಾಡಿ ಇಟ್ಟು ಮಾರುತ್ತಿದ್ದವರನ್ನು ಸರ್ಕಾರವೇ ನೀರು, ಚರಂಡಿ, ನೆರಳು ಇರುವ ಕಟ್ಟಡಗಳಿಗೆ ತಂದು ಕೂರಿಸಿತು. ಈಗ ಇಂಥವು ನೂರಕ್ಕೂ ಹೆಚ್ಚಿವೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಈ ಹಾಕರ್ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಊರಿನವರು ದಿನಾ ಉಣ್ಣುವ ಜಾಗ ಇದೇ ಆದ್ದರಿಂದ, ಮೊದಲ ಸಲ ಹೋಗುವವರಿಗೆ ಉಳಿದೆಲ್ಲಕ್ಕಿಂತ ಮೊದಲು ಇದನ್ನೇ ಹೇಳಬೇಕು.

ಯಾವ ಸೆಂಟರ್? ಚೈನಾಟೌನ್ ಪಕ್ಕದ ಮ್ಯಾಕ್ಸ್‌ವೆಲ್ ಸುಮಾರು ನೂರು ಅಂಗಡಿಯದು, ಹೊಸಬರಿಗೆ ಹಿಡಿತಕ್ಕೆ ಸಿಗುತ್ತದೆ, ಮೆಟ್ರೋ ಇಳಿದರೆ ಎದುರಿಗೇ ಇದೆ. ಚೈನಾಟೌನ್ ಕಾಂಪ್ಲೆಕ್ಸ್ ಇನ್ನೂರಕ್ಕೂ ಹೆಚ್ಚು ಅಂಗಡಿಗಳ ಸಂತೆ; ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಬೇಡ. ಲಾವ್ ಪಾ ಸಾತ್ 1894ರ ಎಂಟು ಮೂಲೆಯ ಕಬ್ಬಿಣದ ಕಟ್ಟಡ. ಸಂಜೆಯಾದರೆ ಅದರ ಪಕ್ಕದ ಬೂನ್ ಟಾಟ್ ಬೀದಿಯಲ್ಲಿ ವಾಹನ ನಿಲ್ಲಿಸಿ, ಮೇಜು ಹಾಕಿ, ಕೆಂಡದ ಮೇಲೆ ಸಾತೇ, ಅಂದರೆ ಕಡ್ಡಿಗೆ ಚುಚ್ಚಿದ ಮಾಂಸದ ತುಂಡು, ಸುಡುತ್ತಾರೆ. ಬೆಲೆ ಸ್ವಲ್ಪ ಹೆಚ್ಚು, ಪ್ರವಾಸಿಗರೂ ಹೆಚ್ಚು. ಆದರೂ ಬಾಡೂಟ ಇಷ್ಟಪಡುವ ಗುಂಪಿಗೆ ಆ ಹೊಗೆ, ಆ ಗದ್ದಲ ಹಿಡಿಸುತ್ತದೆ.

ಹೋಗುವ ಹೊತ್ತನ್ನು ನೋಡಿಕೊಳ್ಳಿ. 12ರಿಂದ 1.30ರವರೆಗೆ ಕಚೇರಿಯವರು ನುಗ್ಗುತ್ತಾರೆ. ಆಗ ಮೇಜು ಸಿಗದು, ಅಂಗಡಿಯವರಿಗೆ ನಿಮ್ಮ ಪ್ರಶ್ನೆ ಕೇಳುವ ವ್ಯವಧಾನವೂ ಇರದು. ಮೊದಲ ದಿನವಾದರೆ 2 ಗಂಟೆಗೆ ಹೋಗಿ; ಊರಿನ ಲೆಕ್ಕಕ್ಕೆ 11.30, ಹಸಿವು ಆಗತಾನೇ ಏಳುತ್ತಿರುತ್ತದೆ. ಹೆಸರುವಾಸಿ ಅಂಗಡಿಗಳಲ್ಲಿ ಅಷ್ಟರೊಳಗೆ ಪದಾರ್ಥ ಮುಗಿದಿರಬಹುದು, ಮುಗಿದರೆ ಮುಚ್ಚಿಬಿಡುತ್ತಾರೆ. ಸಂಜೆಯಾದರೆ 5.30ರಿಂದ 6.30 ಒಳ್ಳೆಯದು. ಸೋಮವಾರ ರಜೆ ಹಾಕುವ ಅಂಗಡಿಗಳು ಬಹಳ. ವರ್ಷಕ್ಕೆ ಕೆಲವು ಸಲ ಇಡೀ ಸೆಂಟರನ್ನೇ ತೊಳೆಯಲು ಮುಚ್ಚುತ್ತಾರೆ. ಹೋಗುವ ಹಿಂದಿನ ದಿನ ಮೊಬೈಲಿನಲ್ಲಿ ನೋಡಿಕೊಳ್ಳಿ.

ಒಳಗೆ ಹೋದಮೇಲೆ ಕ್ರಮ ಹೀಗೆ. ಮೊದಲು ಏನನ್ನೂ ಕೊಳ್ಳದೆ ಒಂದು ಸುತ್ತು ಬನ್ನಿ. ಆಮೇಲೆ ಒಬ್ಬರು ಮೇಜು ಹಿಡಿದು ಕೂತಿರಲಿ, ಮೇಜಿನ ನಂಬರ್ ಎಲ್ಲರಿಗೂ ಗೊತ್ತಿರಲಿ. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಯಾರೋ ಮರೆತು ಹೋದದ್ದು ಅಂದುಕೊಳ್ಳಬೇಡಿ. ನಮ್ಮಲ್ಲಿ ಬಸ್ಸಿನ ಸೀಟಿಗೆ ಟವೆಲ್ ಹಾಕುವ ಹಾಗೆ ಅದು ಜಾಗ ಹಿಡಿದ ಗುರುತು, ಅಲ್ಲಿಯವರು ಅದನ್ನು ‘ಚೋಪ್’ ಅನ್ನುತ್ತಾರೆ. ಹೊತ್ತು ಹಿಡಿಯುವುದನ್ನು ಮೊದಲು ಹೇಳಿ: ಸಾತೇ, ಹುರಿದ ಕ್ವೇ ಟಿಯೋವ್ ಎಂಬ ಅಕ್ಕಿ ನೂಡಲ್ಸ್. ಅನ್ನದ ತಟ್ಟೆ ಎರಡು ನಿಮಿಷದಲ್ಲಿ ಬರುತ್ತದೆ, ಅದು ಆಮೇಲೆ. ಐಸಿನ ಸಿಹಿ ಎಲ್ಲ ಮುಗಿದಮೇಲೆ. ಮೊದಲೇ ತಂದರೆ ಆ ಸೆಕೆಗೆ ಹತ್ತು ನಿಮಿಷದಲ್ಲಿ ನೀರಾಗುತ್ತದೆ. ಹಣ ಅಂಗಡಿಯಲ್ಲೇ, ತಟ್ಟೆ ಕೊಡುವಾಗಲೇ. ನಮ್ಮ ಯುಪಿಐ ಅಲ್ಲಿ ನಡೆದೀತು ಎಂದು ನಂಬಿ ಹೋಗಬೇಡಿ, 2, 5, 10ರ ನೋಟುಗಳಿರಲಿ.

ತಪ್ಪುವುದು ಎಲ್ಲಿ ಅಂದರೆ, ಹಸಿದಾಗ ಒಬ್ಬೊಬ್ಬರೂ ಒಂದೊಂದು ಅನ್ನದ ತಟ್ಟೆ ತರುತ್ತಾರೆ. ಅಲ್ಲಿಗೆ ಹೊಟ್ಟೆ ತುಂಬಿತು, ನೋಡಿದ ಅಂಗಡಿ ಮೂರೇ. ಮೂವರಿಗೆ ಒಂದು ಅನ್ನ, ಒಂದು ನೂಡಲ್ಸ್, ಹತ್ತು ಕಡ್ಡಿ ಸಾತೇ, ಒಂದು ಬಿರಿಯಾನಿ ತಂದು ನಡುವೆ ಇಟ್ಟುಕೊಂಡು ಹಂಚಿಕೊಳ್ಳಿ. ಸಾಲದಿದ್ದರೆ ಎದ್ದು ಹೋಗಿ ತಂದರಾಯಿತು. ಅನ್ನ 5, ನೂಡಲ್ಸ್ 6, ಸಾತೇ 9, ಬಿರಿಯಾನಿ 8, ಮೂರು ಪಾನೀಯಕ್ಕೆ 6, ಚೆಂಡೋಲ್ ಎಂಬ ಐಸಿನ ಸಿಹಿ ಒಂದಕ್ಕೆ 3: ಒಟ್ಟು 37 ಡಾಲರ್, ಅಂದರೆ 2,590 ರೂಪಾಯಿ. ತೆರಿಗೆ, ಸರ್ವೀಸ್ ಚಾರ್ಜ್ ಇಲ್ಲ, ಟಿಪ್ಸ್ ಕೊಡುವ ಪದ್ಧತಿಯೂ ಇಲ್ಲ. ತಿಂದ ಟ್ರೇಯನ್ನು ಮಾತ್ರ ನಾವೇ ಕೊಂಡೊಯ್ದು ಇಡಬೇಕು. 2021ರ ಸೆಪ್ಟೆಂಬರಿನಿಂದ ಅದು ಕಾನೂನು. ಮೊದಲ ಸಲ ಎಚ್ಚರಿಕೆ, ಮತ್ತೆ ಸಿಕ್ಕಿಬಿದ್ದರೆ 300 ಡಾಲರ್ ದಂಡ. ಹಲಾಲ್ ತಟ್ಟೆಗೆ ಬೇರೆ ಗೂಡು, ಉಳಿದದ್ದಕ್ಕೆ ಬೇರೆ ಗೂಡು ಇರುತ್ತದೆ. ಬೋರ್ಡ್ ಓದಿ ಇಡಿ, ಇದು ಇನ್ನೊಬ್ಬರ ನಂಬಿಕೆಯ ವಿಷಯ.

ಏನು ತಿನ್ನಬೇಕು? ಹೈನಾನ್ ಚಿಕನ್ ರೈಸ್ ನೋಡಲು ಸಪ್ಪೆ: ಬೇಯಿಸಿದ ಕೋಳಿ, ಬಿಳಿ ಅನ್ನ, ಪಕ್ಕಕ್ಕೆ ಕೆಂಪು ಚಟ್ನಿ. ನಾಟಿಕೋಳಿ ಸಾರು ಉಂಡವರು ಮೊದಲ ತುತ್ತಿಗೆ ಮುಖ ಸಿಂಡರಿಸಬಹುದು. ಇದರ ಜೀವ ಇರುವುದು ಅನ್ನದಲ್ಲಿ. ಕೋಳಿಯ ಕೊಬ್ಬಿನಲ್ಲಿ ಶುಂಠಿ, ಬೆಳ್ಳುಳ್ಳಿಯೊಡನೆ ಅಕ್ಕಿ ಹುರಿದು, ಕೋಳಿ ಬೇಯಿಸಿದ ನೀರಿನಲ್ಲೇ ಅನ್ನ ಮಾಡುತ್ತಾರೆ. ಮೊದಲು ಬರೀ ಅನ್ನ ತಿನ್ನಿ, ಆಮೇಲೆ ಚಟ್ನಿ ಹಚ್ಚಿ. 2016ರಲ್ಲಿ ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡಿನ ಮೊದಲ ಸಿಂಗಪುರ ಆವೃತ್ತಿ ಎರಡು ಹಾಕರ್ ಅಂಗಡಿಗಳಿಗೆ ನಕ್ಷತ್ರ ಕೊಟ್ಟ ಮೇಲೆ ಕೆಲವೆಡೆ ಸಾಲು ಬಹಳ ಉದ್ದವಾಯಿತು. ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಬೇಕಾದರೆ ನಿಲ್ಲಬೇಡಿ. ಅದೇ ಸೂರಿನಡಿ ಊರಿನ ಅಜ್ಜ ಅಜ್ಜಿಯರು ಕೂತು ತಿನ್ನುವ ಇನ್ನೊಂದು ಅಂಗಡಿ ಇದ್ದೇ ಇರುತ್ತದೆ.

ಮಾಂಸ ತಿಂದರೂ ದನ, ಹಂದಿ ಬೇಡ ಅನ್ನುವವರು ಈ ಮಲಯ್ ಪದಗಳನ್ನು ಬರೆದಿಟ್ಟುಕೊಳ್ಳಿ. ಆಯಂ ಅಂದರೆ ಕೋಳಿ, ಕಂಬಿಂಗ್ ಆಡು, ಇಕಾನ್ ಮೀನು, ಉಡಾಂಗ್ ಸೀಗಡಿ, ತೆಲೂರ್ ಮೊಟ್ಟೆ, ಬಾಬಿ ಹಂದಿ, ಲೆಂಬು ದನ. ‘ಡಾಗಿಂಗ್’ ಎಂದರೆ ಬರೀ ಮಾಂಸ ಎಂಬ ಅರ್ಥ, ಆದರೆ ಸಾತೇ ಅಂಗಡಿಯಲ್ಲಿ ಅದು ದನದ್ದೇ. ಹೆಚ್ಚಿನ ಚೀನೀ ಅಂಗಡಿಗಳಲ್ಲಿ ಹಂದಿ ಇರುತ್ತದೆ. ಹುರಿದ ಕ್ವೇ ಟಿಯೋವ್‌ಗೆ ಹಂದಿ ಕೊಬ್ಬು ಹಾಕುವುದು ಹಳೆಯ ಕ್ರಮ, ಮೇಲೆ ಕಾಣುವುದಿಲ್ಲ. ಹಲಾಲ್ ಬೋರ್ಡಿರುವ ಅಂಗಡಿ ಆರಿಸಿಕೊಂಡರೆ ಹಂದಿಯ ಚಿಂತೆ ಹೋಯಿತು, ದನದ ಮಾತು ಕೇಳಿಯೇ ತಿಳಿಯಬೇಕು.

ಕೋಪಿಟಿಯಾಮ್ ತಿಂಡಿ

ಕೋಪಿ ಅಂದರೆ ಕಾಫಿ, ಟಿಯಾಮ್ ಅಂದರೆ ಅಂಗಡಿ. ಹೋಟೆಲಿನ ತಿಂಡಿ ರೂಮಿನ ಬಾಡಿಗೆಯಲ್ಲೇ ಸೇರಿದ್ದರೂ ಒಂದು ದಿನ ಅದನ್ನು ಬಿಟ್ಟು ಇಲ್ಲಿಗೆ ಬನ್ನಿ. ಆರು ಡಾಲರ್ ಆಸುಪಾಸಿನಲ್ಲಿ ಎರಡು ಮೊಟ್ಟೆ, ಕಾಯಾ ಟೋಸ್ಟ್, ಒಂದು ಕಾಫಿ ಸಿಗುತ್ತದೆ. ಕಾಯಾ ಅಂದರೆ ತೆಂಗಿನ ಹಾಲು, ಮೊಟ್ಟೆ, ಸಕ್ಕರೆ, ಪಾಂಡನ್ ಎಂಬ ಸುವಾಸನೆಯ ಎಲೆ ಸೇರಿಸಿ ಕಾಯಿಸಿದ ಜಾಮ್. ಕೆಂಡದಲ್ಲಿ ಸುಟ್ಟ ತೆಳು ಬ್ರೆಡ್ಡಿಗೆ ಅದನ್ನು ಬಳಿದು, ನಡುವೆ ತಣ್ಣನೆ ಬೆಣ್ಣೆಯ ತುಂಡು ಇಡುತ್ತಾರೆ. ಬೆಣ್ಣೆ ಪೂರ್ತಿ ಕರಗುವ ಮೊದಲು ತಿನ್ನಬೇಕು. ಮೊಟ್ಟೆಯನ್ನು ಅರೆಬೆಂದ ಹದದಲ್ಲೇ ತಟ್ಟೆಗೆ ಒಡೆದು, ಕಪ್ಪು ಸೋಯಾ, ಬಿಳಿ ಮೆಣಸಿನಪುಡಿ ಹಾಕಿ ಕಲಸಿ, ಬ್ರೆಡ್ ಅದ್ದಿ ತಿನ್ನುತ್ತಾರೆ. ಮೊಟ್ಟೆ ತಿನ್ನದವರಿಗೆ ಕಾಯಾ ಕೂಡ ಆಗದು. ಅವರು ಬೆಣ್ಣೆ, ಸಕ್ಕರೆಯ ಟೋಸ್ಟ್ ಕೇಳಬಹುದು.

ಕಾಫಿಗೆ ಅಲ್ಲಿ ಬೇರೆಯದೇ ಭಾಷೆ ಇದೆ. ಬರೀ ‘ಕೋಪಿ’ ಎಂದರೆ ಡಬ್ಬಿಯ ಗಟ್ಟಿ ಸಿಹಿ ಹಾಲಿನದು, ನಮಗೆ ಸಿಹಿ ವಿಪರೀತ. ‘ಕೋಪಿ ಸಿ’ ಎಂದರೆ ಸಿಹಿಯಿಲ್ಲದ ಇವಾಪೊರೇಟೆಡ್ ಹಾಲು, ಮೇಲಿಂದ ಸಕ್ಕರೆ. ‘ಕೋಪಿ ಓ’ ಹಾಲಿಲ್ಲದ್ದು, ಸಕ್ಕರೆ ಉಂಟು. ‘ಕೋಸೊಂಗ್’ ಸೇರಿಸಿದರೆ ಸಕ್ಕರೆಯೇ ಇಲ್ಲ, ‘ಸಿಯೂ ದಾಯ್’ ಎಂದರೆ ಕಡಿಮೆ ಸಕ್ಕರೆ, ‘ಗಾವ್’ ಎಂದರೆ ಸ್ಟ್ರಾಂಗ್. ಮೈಸೂರಿನ ಫಿಲ್ಟರ್ ಕಾಫಿಯ ನಾಲಗೆಗೆ ಹತ್ತಿರದ್ದು ‘ಕೋಪಿ ಸಿ ಗಾವ್ ಸಿಯೂ ದಾಯ್’. ಸಕ್ಕರೆ ಕಾಯಿಲೆಯವರು ‘ಕೋಪಿ ಸಿ ಕೋಸೊಂಗ್’ ಎನ್ನಬೇಕು. ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಕಪ್ಪಗೆ ಹುರಿದು, ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ. ಹಾಗಾಗಿ ನಮ್ಮ ಚಿಕ್ಕಮಗಳೂರು ಬೀಜದ ಪರಿಮಳ ಅಲ್ಲಿ ಹುಡುಕಬಾರದು; ಕರಿದ ಬೆಲ್ಲದಂಥ ಗಡಸು ವಾಸನೆ ಅದರ ಗುಣ.

ನೆನಪಿನ ಊಟಕ್ಕೆ ದುಡ್ಡು, ಹೊತ್ತು ಎರಡೂ ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. 8.30ರ ಮೇಲೆ ಹೋಗಿ. ಅದಕ್ಕೂ ಮೊದಲು ಆಫೀಸಿಗೆ ಓಡುವವರ ನೂಕುನುಗ್ಗಲು.

ಲಿಟಲ್ ಇಂಡಿಯಾ

ಸೆರಂಗೂನ್ ರಸ್ತೆಯಲ್ಲಿ 1947ರ ಕೋಮಲ ವಿಲಾಸ್ ಇದೆ, ನಮ್ಮ ಎಂ.ಟಿ.ಆರ್. ಕೂಡ 2013ರಲ್ಲಿ ಅಲ್ಲಿಗೆ ಹೋಗಿ ಅಂಗಡಿ ತೆರೆದಿದೆ. ಬಿಸಿಬೇಳೆ ಬಾತ್, ರವೆ ಇಡ್ಲಿ ಸಿಗುತ್ತವೆ. ಇವುಗಳ ಬೆಲೆ ತಿಳಿಯುವುದು ಕಾಲು ಸೋತ ಮೂರನೆಯ ರಾತ್ರಿ, ಅಮ್ಮನೋ ಅತ್ತೆಯೋ ‘ಒಂದಿಷ್ಟು ಅನ್ನ ಸಾರು ಸಿಕ್ಕಿದ್ದರೆ ಸಾಕಿತ್ತು’ ಅಂದಾಗ. ಅಂಥ ಹೊತ್ತಿಗೆ ಕಾದಿರಿಸಿ. ಮುಖ್ಯ ಊಟವನ್ನು ಮಾತ್ರ ದೋಸೆಗೆ ಖರ್ಚು ಮಾಡಬೇಡಿ. ಬೆಣ್ಣೆ ಮೇಲಿಟ್ಟ ದೋಸೆ ನಜರ್‌ಬಾದಿನಲ್ಲೇ ಇದೆ.

ಇಲ್ಲಿ ಮುಖ್ಯ ಊಟ ಅನ್ನಿಸಿಕೊಳ್ಳುವಂಥದ್ದು ಮೀನಿನ ತಲೆಯ ಸಾರು. ಚೀನೀಯರಿಗೆ ಮೀನಿನ ತಲೆ ಇಷ್ಟ ಎಂದು ಕಂಡ ಕೇರಳ ಮೂಲದ ಅಡುಗೆಯವರೊಬ್ಬರು ಅದನ್ನು ನಮ್ಮ ಕಡೆಯ ಮಸಾಲೆಯಲ್ಲಿ ಬೇಯಿಸಿ ಶುರುಮಾಡಿದರು ಎಂದು ಅಲ್ಲಿ ಹೇಳುತ್ತಾರೆ. ಹುಣಸೆ, ಬೆಂಡೆ, ಬದನೆ ಹಾಕಿದ ಕೆಂಪು ಸಾರಿನಲ್ಲಿ ಇಡೀ ತಲೆ, ಬಾಳೆಲೆಯ ಮೇಲೆ ಅನ್ನ. ಭಾರತದ ಕೈ, ಚೀನೀಯರ ಆಸೆ, ಮಲಯ್ ಕಡಲಿನ ಮೀನು ಕೂಡಿದ ಈ ಅಡುಗೆ ಹುಟ್ಟಿದ್ದೇ ಆ ಊರಿನಲ್ಲಿ. ರೇಸ್ ಕೋರ್ಸ್ ರಸ್ತೆಯ ಮುತ್ತೂಸ್ ಕರಿ 1969ರಿಂದ, ಬನಾನಾ ಲೀಫ್ ಅಪೋಲೊ 1974ರಿಂದ ಇದಕ್ಕೆ ಹೆಸರಾಗಿವೆ. ಚಿಕ್ಕ ಗಾತ್ರದ್ದೇ ಇಬ್ಬರು ಮೂವರಿಗೆ ಧಾರಾಳ. ಕೆನ್ನೆಯ ಮಾಂಸ ಮೊದಲು ತೆಗೆದುಕೊಳ್ಳಿ, ಅದೇ ಮೆತ್ತಗಿನದು. ಅನ್ನದ ಜೊತೆ ಬರುವ ಪಲ್ಯಗಳನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಹೊಟ್ಟೆ ತುಂಬಿಸಿಕೊಂಡರೆ ತಲೆ ಪಾತ್ರೆಯಲ್ಲೇ ಉಳಿಯುತ್ತದೆ.

ದುಡ್ಡು ಉಳಿಸಬೇಕಾದರೆ ಲಿಟಲ್ ಇಂಡಿಯಾ ಮೆಟ್ರೋ ಪಕ್ಕದ ಟೆಕ್ಕಾ ಸೆಂಟರ್. ಮೊದಲ ದಿನದ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಜಾಗ, ಒಂದೇ ಮೇಜಿನಲ್ಲಿ ಒಬ್ಬರು ಬಿರಿಯಾನಿ, ಇನ್ನೊಬ್ಬರು ಪ್ರಾಟಾ (ನಮ್ಮ ಪರೋಟದ ಬಗೆ) ತಿನ್ನಬಹುದು.

ದೊಡ್ಡ ಊಟ: ಏಡಿಯೋ, ಪೆರನಾಕನ್ನೋ?

ಒಂದು ರಾತ್ರಿ ಕೈಬಿಚ್ಚಿ ಖರ್ಚು ಮಾಡೋಣ ಅಂದವರಿಗೆ ಎಲ್ಲರೂ ಹೇಳುವುದು ಚಿಲ್ಲಿ ಕ್ರ್ಯಾಬ್. 1956ರ ಸುಮಾರಿಗೆ ಚೇರ್ ಯಾಮ್ ತಿಯಾನ್ ಎಂಬ ಹೆಂಗಸು ತಳ್ಳುಗಾಡಿಯಲ್ಲಿ ಶುರುಮಾಡಿದ ಅಡುಗೆ ಇದು. ಹೆಸರಿನಲ್ಲಿ ಚಿಲ್ಲಿ ಇದೆ, ಆದರೆ ಟೊಮೆಟೊ, ಮೊಟ್ಟೆ ಕಲಸಿದ ಗೊಜ್ಜು ಸಿಹಿಯ ಕಡೆಗೇ ವಾಲುತ್ತದೆ. ಗದ್ದೆಯ ಏಡಿಯನ್ನು ಮೆಣಸು, ಬೆಳ್ಳುಳ್ಳಿ ಅರೆದು ಸಾರು ಮಾಡಿ ಉಂಡ ಮಂಡ್ಯದವರು ಖಾರ ಬಯಸಿ ಹೋದರೆ ನಿರಾಸೆ ಖಂಡಿತ. ಅಂಥವರು ಬ್ಲ್ಯಾಕ್ ಪೆಪ್ಪರ್ ಕ್ರ್ಯಾಬ್ ಹೇಳಬೇಕು: ಒಣಗಿನದು, ಕರಿಮೆಣಸಿನ ಘಾಟು ನೆತ್ತಿಗೆ ಏರುತ್ತದೆ. ಮಕ್ಕಳಿದ್ದರೆ ಚಿಲ್ಲಿಯೇ ಸರಿ, ಕರಿದ ಮಾಂಟೋ ಬನ್ನಿನಲ್ಲಿ ಗೊಜ್ಜನ್ನು ಬಳಿದು ತಿನ್ನುತ್ತಾರೆ.

ಏಡಿಗೆ ತೂಕದ ಮೇಲೆ ಬೆಲೆ. ಮೆನುವಿನಲ್ಲಿ ‘ಸೀಸನಲ್ ಪ್ರೈಸ್’ ಎಂದಿರುತ್ತದೆ. ಕಿಲೋಗೆ 80ರಿಂದ 120 ಡಾಲರ್ ಎಂದು ಇಟ್ಟುಕೊಳ್ಳಿ, ಆದರೆ ಹೇಳುವ ಮೊದಲೇ ಎರಡು ಪ್ರಶ್ನೆ ಕೇಳಿ: ಇವತ್ತು ಕಿಲೋಗೆ ಎಷ್ಟು, ಈ ಏಡಿ ಎಷ್ಟು ತೂಗುತ್ತದೆ? ಕೇಳಲು ನಾಚಿಕೆಪಟ್ಟರೆ ಒಂದೂವರೆ ಕಿಲೋದ್ದು ಮೇಜಿಗೆ ಬರಬಹುದು. ಮೂವರಿಗೆ ಒಂದು ಕಿಲೋ ಸಾಕು. ಚಿಪ್ಪನ್ನು ಮೊದಲೇ ಒಡೆದು ತರಲು ಹೇಳಿ. ಕೂತ ಕೂಡಲೇ ತಂದಿಡುವ ಕಡಲೆಕಾಯಿ ಬೀಜಕ್ಕೂ ಒದ್ದೆ ಟವೆಲ್ಲಿಗೂ ಬಿಲ್ಲಿನಲ್ಲಿ ಲೆಕ್ಕ ಇರುತ್ತದೆ. ಬೀಜ ಬೇಡವಾದರೆ ವಾಪಸ್ ಕೊಡಿ, ಟವೆಲ್ ಬೇಕಾಗುತ್ತದೆ.

ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಶೇ. 10 ಸರ್ವೀಸ್ ಚಾರ್ಜ್, ಅದು ಸೇರಿದ ಮೊತ್ತದ ಮೇಲೆ ಶೇ. 9 ಜಿಎಸ್‌ಟಿ ಎಂದು ಅರ್ಥ. ಲೆಕ್ಕ ಹಾಕಿ ನೋಡಿ: ಏಡಿ 100, ಬನ್ನು 8, ಸೊಪ್ಪಿನದೊಂದು ತಟ್ಟೆ 20, ಅನ್ನ 4, ಟವೆಲ್ 3, ಒಟ್ಟು 135. ಸರ್ವೀಸ್ ಸೇರಿ 148.50, ತೆರಿಗೆಯೂ ಸೇರಿ 161.87. ನಮ್ಮ ದುಡ್ಡಿನಲ್ಲಿ 11,300 ದಾಟುತ್ತದೆ, ಮೂರು ಜನಕ್ಕೆ. ಹಾಕರ್ ಊಟದ ನಾಲ್ಕು ಪಟ್ಟಿಗೂ ಹೆಚ್ಚು.

ಅಷ್ಟು ಕೊಡಲು ಸಿದ್ಧರಿದ್ದರೆ, ಮಸಾಲೆ ಪ್ರೀತಿಸುವವರಿಗೆ ಏಡಿಗಿಂತ ಪೆರನಾಕನ್ ಊಟ ಮೇಲು ಎಂಬುದು ಈ ಬರಹದ ಖಚಿತ ಅಭಿಪ್ರಾಯ. ಪೆರನಾಕನ್ ಎಂದರೆ ಮಲಯ್ ನಾಡಿಗೆ ಬಂದು ನೆಲೆಸಿದ ಚೀನೀ ವ್ಯಾಪಾರಿಗಳ ಮನೆತನದವರು. ಗಂಡಸರನ್ನು ಬಾಬಾ, ಹೆಂಗಸರನ್ನು ನ್ಯೋನ್ಯಾ ಅನ್ನುತ್ತಾರೆ. ಅವರ ಅಡುಗೆ ನಿಂತಿರುವುದು ‘ರೆಂಪಾ’ ಎಂಬ ಅರೆದ ಮಸಾಲೆಯ ಮೇಲೆ. ಚಿಕ್ಕ ಈರುಳ್ಳಿ, ಒಣಮೆಣಸು, ಅರಿಶಿನ, ಶುಂಠಿಯ ಜಾತಿಯ ಗಲಾಂಗಲ್, ಲೆಮನ್‌ಗ್ರಾಸ್ ಅರೆದು, ಎಣ್ಣೆ ಬಿಡುವವರೆಗೆ ಹುರಿಯುತ್ತಾರೆ. ನಮ್ಮ ಮನೆಯ ಒರಳಿನ ಬುದ್ಧಿಯೇ ಅದು, ಸಾಮಾನು ಮಾತ್ರ ಬೇರೆ. ಗುರುತು ಸಿಗುವಷ್ಟು ಹತ್ತಿರ, ಹೊಸತು ಅನ್ನಿಸುವಷ್ಟು ದೂರ ಇರುವ ಇಂಥ ರುಚಿಯೇ ಮನಸ್ಸಿನಲ್ಲಿ ನಿಲ್ಲುವುದು.

ಅವರ ಹೆಮ್ಮೆಯ ಅಡುಗೆ ಆಯಂ ಬುವಾ ಕೆಲುವಾಕ್. ಬುವಾ ಕೆಲುವಾಕ್ ಎಂಬುದು ಕೆಪಾಯಂಗ್ ಮರದ ಕಾಯಿ, ಅದರ ಬೀಜದಲ್ಲಿ ಹಸಿಯಾಗಿದ್ದಾಗ ಸಯನೈಡ್ ವಿಷ ಇರುತ್ತದೆ. ಬೇಯಿಸಿ, ಬೂದಿಯಲ್ಲಿ ವಾರಗಟ್ಟಲೆ ಹೂತಿಟ್ಟು, ಆಮೇಲೆ ದಿನಗಟ್ಟಲೆ ನೀರು ಬದಲಿಸುತ್ತ ನೆನೆಸಿದ ಮೇಲೆ ವಿಷ ಇಳಿಯುತ್ತದೆ, ತಿರುಳು ಕಪ್ಪಗಾಗುತ್ತದೆ. ಗಟ್ಟಿ ಓಟೆಗೆ ಸಣ್ಣ ಬಾಯಿ ತೆಗೆದು, ತಿರುಳನ್ನು ಹದ ಮಾಡಿ ಮತ್ತೆ ತುಂಬಿ, ಕೋಳಿಯೊಡನೆ ಹುಣಸೆ ಗೊಜ್ಜಿನಲ್ಲಿ ಬೇಯಿಸುತ್ತಾರೆ. ಚಿಕ್ಕ ಚಮಚದಲ್ಲಿ ತಿರುಳು ಕೆದಕಿ, ಬಿಸಿ ಅನ್ನಕ್ಕೆ ಕಲಸಿ ತಿನ್ನಬೇಕು. ಬಣ್ಣ, ಜಿಡ್ಡು, ಸಣ್ಣ ಕಹಿ ನಮ್ಮ ಹುಚ್ಚೆಳ್ಳು ಚಟ್ನಿಯ ನೆಂಟನಂತಿದೆ. ಕೆಲವು ಮನೆಗಳಲ್ಲಿ ತಿರುಳಿಗೆ ಕೊಚ್ಚಿದ ಹಂದಿಮಾಂಸ ಬೆರೆಸುತ್ತಾರೆ, ಬೇಡದವರು ಮೊದಲೇ ಕೇಳಿ. ಪೆರನಾಕನ್ ಹೋಟೆಲುಗಳು ಕಾಟೊಂಗ್, ಜೂ ಚಿಯಾಟ್ ಕಡೆ ಹೆಚ್ಚು. ಬಣ್ಣಬಣ್ಣದ ಹಳೆಯ ಮನೆಗಳ ಬೀದಿ, ಊಟಕ್ಕೆ ಮೊದಲು ಅರ್ಧ ಗಂಟೆ ನಡೆದಾಡಬಹುದು. ಮೂವರಿಗೆ ಮೂರು ಅಡುಗೆ, ಅನ್ನ ಹೇಳಿದರೆ ತೆರಿಗೆಗೆ ಮುಂಚೆ 80ರಿಂದ 100 ಡಾಲರ್. ಶುಕ್ರವಾರ, ಶನಿವಾರದ ರಾತ್ರಿಗೆ ಒಂದು ವಾರ ಮೊದಲೇ ಮೇಜು ಕಾಯ್ದಿರಿಸಿ, ಬೇರೆ ದಿನಗಳಿಗೆ ಎರಡು ದಿನ ಮೊದಲು ಸಾಕು.

ಸಸ್ಯಾಹಾರಿಗಳಿಗೆ

ಸಸ್ಯಾಹಾರಿಗಳೆಂದರೆ ಮೂರೂ ಹೊತ್ತು ಲಿಟಲ್ ಇಂಡಿಯಾಕ್ಕೆ ಕರೆದೊಯ್ಯುವುದು ರೂಢಿ. ಅವರಿಗೂ ಆ ಊರಿನದೇ ಊಟ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಚೀನೀ ಬೌದ್ಧರ ಕಟ್ಟುನಿಟ್ಟಿನ ಅಡುಗೆಯಲ್ಲಿ ಮಾಂಸ, ಮೀನಿನ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ. ಮೈಸೂರಿನ ಅಗ್ರಹಾರದ ಅಜ್ಜಿ ವಿದೇಶದಲ್ಲಿ ನಿಶ್ಚಿಂತೆಯಿಂದ ಕೂತು ಉಣ್ಣಬಹುದಾದ ಊಟ ಒಂದಿದ್ದರೆ ಇದೇ. ಮೊಟ್ಟೆ, ಹಾಲು ಬಳಸುತ್ತಾರಾ ಎಂದು ಮಾತ್ರ ವಿಚಾರಿಸಬೇಕು, ಅದು ಅಂಗಡಿಯಿಂದ ಅಂಗಡಿಗೆ ಬೇರೆ.

ಬುಗಿಸ್ ಕಡೆ ಮಿಡ್ಲ್ ರಸ್ತೆಯಲ್ಲಿರುವ ಫಾರ್ಚ್ಯೂನ್ ಸೆಂಟರ್ ಎಂಬ ಕಟ್ಟಡದಲ್ಲಿ ಇಂಥ ಅಂಗಡಿಗಳು ಹಲವಿವೆ. ಹತ್ತಿರದ ವಾಟರ್ಲೂ ಬೀದಿಯಲ್ಲಿ ಕ್ವಾನ್ ಇಮ್ ದೇವಿಯ ಗುಡಿಯೂ ಶ್ರೀಕೃಷ್ಣನ ಗುಡಿಯೂ ಅಕ್ಕಪಕ್ಕ ಇವೆ. ಅಲ್ಲಿಗೆ ಬಂದ ಚೀನೀ ಭಕ್ತರು ಕೃಷ್ಣನ ಬಾಗಿಲಲ್ಲೂ ಊದುಬತ್ತಿ ಹಚ್ಚಿ ಹೋಗುತ್ತಾರೆ. ಎರಡೂ ಗುಡಿ ನೋಡಿ, ಅಲ್ಲಿಂದ ನಡೆದು ಊಟಕ್ಕೆ ಹೋದರೆ ಒಂದು ಬೆಳಗು ತುಂಬಿಬರುತ್ತದೆ. ಚಾಂದ್ರಮಾನ ತಿಂಗಳ 1 ಮತ್ತು 15ನೆಯ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಗೆ, ಬಹಳ ಬೌದ್ಧರು ಮಾಂಸ ಬಿಡುತ್ತಾರೆ. ಆ ದಿನ ಸಸ್ಯಾಹಾರಿ ಅಂಗಡಿಗಳಲ್ಲಿ ಜನವೋ ಜನ. 11.30ಕ್ಕೇ ಹೋಗಿಬಿಡಿ.

ಹೇಳಬೇಕಾದ ತಿನಿಸು ಎರಡು. ಬೆಳಿಗ್ಗೆಯಾದರೆ ವೆಜಿಟೇರಿಯನ್ ಬೀ ಹೂನ್, ನಮ್ಮ ಅಕ್ಕಿ ಶಾವಿಗೆಯ ಒಗ್ಗರಣೆಗೆ ಸೋದರ, ಮೂರ್ನಾಲ್ಕು ಡಾಲರ್, ಮಧ್ಯಾಹ್ನದೊಳಗೆ ಖಾಲಿಯಾಗುತ್ತದೆ. ಮುಖ್ಯ ಊಟಕ್ಕೆ ಲೇ ಚಾ, ‘ಥಂಡರ್ ಟೀ ರೈಸ್’ ಎಂದೂ ಬರೆದಿರುತ್ತಾರೆ. ಸಣ್ಣಗೆ ಹೆಚ್ಚಿ ಹುರಿದ ಸೊಪ್ಪು, ಹುರುಳಿಕಾಯಿ, ತೋಫು, ಕಡಲೆಕಾಯಿ ಬೀಜ ಅನ್ನದ ಮೇಲೆ. ಪಕ್ಕಕ್ಕೆ ಒಂದು ಬೋಗುಣಿ ಹಸಿರು ಕಷಾಯ: ಚಹಾ ಎಲೆ, ಪುದೀನ, ತುಳಸಿಯ ಜಾತಿಯ ಸೊಪ್ಪು, ಎಳ್ಳು, ಕಡಲೆಕಾಯಿ ಬೀಜ ಅರೆದದ್ದು. ಹಾಕ್ಕಾ ಎಂಬ ಚೀನೀ ಪಂಗಡದವರ ಈ ಅಡುಗೆಯಲ್ಲಿ ಕಷಾಯವನ್ನು ಅನ್ನಕ್ಕೆ ಸುರಿದುಕೊಂಡು ಉಣ್ಣುತ್ತಾರೆ. ಮೊದಲು ಮೂರು ಚಮಚ ಮಾತ್ರ ಹಾಕಿ ನೋಡಿ, ಕಹಿ ಹಿಡಿಸಿದರೆ ಉಳಿದದ್ದು. ಬಸ್ಸಾರು, ಉಪ್ಸಾರು, ಸೊಪ್ಪಿನ ಪಲ್ಯ ಉಂಡು ಬೆಳೆದ ನಾಲಗೆ ಇದನ್ನು ಬೇಗ ಒಪ್ಪುತ್ತದೆ. ಸಾಮಾನ್ಯ ಹಾಕರ್ ಅಂಗಡಿಯಲ್ಲಿ ಇದಕ್ಕೆ ಒಣಮೀನು ಉದುರಿಸುತ್ತಾರೆ, ಆದ್ದರಿಂದ ಪೂರ್ತಿ ಸಸ್ಯಾಹಾರಿ ಅಂಗಡಿಯಲ್ಲೇ ತಿನ್ನಿ. ಅದೇ ಅಂಗಡಿಗಳಲ್ಲಿ ಗೋಧಿಯ ಅಂಟು, ಸೋಯಾ, ಅಣಬೆಯಿಂದ ಮಾಡಿದ ‘ಮಟನ್’, ‘ಚಿಕನ್’ ತುಂಡುಗಳೂ ಇರುತ್ತವೆ. ನೋಡಲು ಥೇಟ್ ಮಾಂಸ. ಹಿರಿಯರಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ತಟ್ಟೆ ದೂಡಿ ಏಳುತ್ತಾರೆ.

ಬೇರೆ ಅಂಗಡಿಗಳಲ್ಲಿ ‘ವೆಜಿಟೇರಿಯನ್’ ಎಂದು ಒಂದು ಮಾತು ಹೇಳಿದರೆ ಸಾಲದು. ತರಕಾರಿ ಕಂಡರೂ ಒಳಗೆ ಏನಿದೆ ಎಂಬುದು ಬೇರೆ ಮಾತು. ಸಾಂಬಾಲ್ ಚಟ್ನಿಯಲ್ಲಿ ಬೆಲಾಚಾನ್ ಎಂಬ ಸೀಗಡಿ ಮುದ್ದೆ, ಲಕ್ಸಾ ಸಾರಿನಲ್ಲಿ ಒಣ ಸೀಗಡಿ, ಹುರಿದ ಸೊಪ್ಪಿನಲ್ಲಿ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್, ಯೋಂಗ್ ತಾವ್ ಫೂ ತರಕಾರಿಯ ಹೊಟ್ಟೆಯಲ್ಲಿ ಮೀನಿನ ಹೂರಣ. ‘ಕ್ಯಾರೆಟ್ ಕೇಕ್’ ಎಂಬುದರಲ್ಲಿ ಕ್ಯಾರೆಟ್ಟೂ ಇಲ್ಲ, ಕೇಕೂ ಅಲ್ಲ: ಮೂಲಂಗಿ, ಅಕ್ಕಿಹಿಟ್ಟಿನ ಕಡುಬನ್ನು ಮೊಟ್ಟೆ ಹಾಕಿ, ಎಷ್ಟೋ ಕಡೆ ಹಂದಿ ಕೊಬ್ಬಿನಲ್ಲಿ ಹುರಿದದ್ದು. ಕೋಳಿ ಬಿಟ್ಟು ಬರೀ ಚಿಕನ್ ರೈಸಿನ ಅನ್ನ ತಿನ್ನುತ್ತೇನೆ ಅನ್ನುವುದೂ ಆಗದು, ಅದು ಬೆಂದದ್ದೇ ಕೋಳಿಯ ನೀರಿನಲ್ಲಿ. ಪ್ರಾಟಾ ಜೊತೆಗೆ ಕೊಡುವ ಸಾರು ಮೀನಿನದೋ ಮಾಂಸದ್ದೋ ಇರಬಹುದು, ‘ದಾಲ್’ ಎಂದು ಒತ್ತಿ ಕೇಳಿ. ‘ಮಾಂಸ ಬೇಡ, ಮೀನು ಬೇಡ, ಸೀಗಡಿ ಬೇಡ, ಮೊಟ್ಟೆ ಬೇಡ, ಆಯ್ಸ್ಟರ್ ಸಾಸ್ ಬೇಡ’ ಎಂಬುದನ್ನು ಚೀನೀ ಭಾಷೆಯಲ್ಲಿ ಮೊಬೈಲಿಗೆ ಹಾಕಿಟ್ಟುಕೊಂಡು ತೋರಿಸುವುದು ಬಾಯಲ್ಲಿ ಹೇಳುವುದಕ್ಕಿಂತ ಭದ್ರ.

ಸಿಹಿಯ ವಿಷಯದಲ್ಲಿ ಸಸ್ಯಾಹಾರಿಗಳೇ ಪುಣ್ಯವಂತರು. ಚೆಂಡೋಲ್ ಎಂದರೆ ಪುಡಿ ಐಸು, ತೆಂಗಿನ ಹಾಲು, ಪಾಂಡನ್ ಹಾಕಿದ ಹಸಿರು ಅಕ್ಕಿ ಎಳೆ, ಮೇಲೆ ಗುಲಾ ಮೆಲಾಕಾ ಎಂಬ ತಾಳೆಬೆಲ್ಲದ ಪಾಕ. ಆಲೆಮನೆಯ ಬೆಲ್ಲದ ರುಚಿ ಗೊತ್ತಿರುವ ಮಂಡ್ಯದವರು ಈ ಬೆಲ್ಲದ ಹೊಗೆವಾಸನೆಯನ್ನು ಬೇರೆಯವರಿಗಿಂತ ಚೆನ್ನಾಗಿ ಹಿಡಿಯುತ್ತಾರೆ. ತಾವ್ ಸುವಾನ್ ಹೆಸರುಬೇಳೆಯ ಪಾಯಸದಂಥದ್ದು. ಓರ್ ನೀ ಎಂಬ ಕೆಸುವಿನ ಗೆಡ್ಡೆಯ ಹಲ್ವ ಮಾತ್ರ ಬೇಡ, ಹಂದಿ ಕೊಬ್ಬಿನಲ್ಲಿ ಮಗುಚುವ ಪದ್ಧತಿ ಇದೆ.

ಹಾಗಾದರೆ ಯಾರಿಗೆ ಯಾವುದು?

ಎಲ್ಲವನ್ನೂ ತಿನ್ನುವ ನಾಲ್ವರು ಗೆಳೆಯರಿದ್ದರೆ ಎರಡನೆಯ ಸಂಜೆ ಹಾಕರ್ ಸೆಂಟರ್, ಮೂರನೆಯ ರಾತ್ರಿ ಪೆರನಾಕನ್. ಏಡಿ ಬಿಟ್ಟರೂ ನಷ್ಟವಿಲ್ಲ. ಗಂಡ ಹೆಂಡತಿ, ಇಬ್ಬರು ಮಕ್ಕಳು: ಚಿಲ್ಲಿ ಕ್ರ್ಯಾಬ್ ಒಂದು ರಾತ್ರಿ, ಉಳಿದದ್ದೆಲ್ಲ ಹಾಕರ್, ಮಕ್ಕಳಿಗೆ ನೆನಪಿರುವುದು ಚಿಪ್ಪು ಒಡೆದದ್ದೇ. ಮನೆಯಲ್ಲಿ ಅರ್ಧ ಜನ ಸಸ್ಯಾಹಾರಿ, ಅರ್ಧ ಮಾಂಸಾಹಾರಿಗಳಾದರೆ ಮೀನಿನ ತಲೆಯ ಹೋಟೆಲು ಸಲೀಸು, ಬಾಳೆಲೆಯಲ್ಲಿ ಅನ್ನ, ಪಲ್ಯ ಎಲ್ಲರಿಗೂ ಬರುತ್ತದೆ. ಒಂದೇ ಪಾತ್ರೆಯ ಗಲಿಬಿಲಿ ಬೇಡ ಅನ್ನುವ ಹಿರಿಯರಿದ್ದರೆ ಎಲ್ಲರೂ ಸೇರಿ ಒಂದು ಹೊತ್ತು ಬೌದ್ಧರ ಊಟಕ್ಕೆ ಹೋಗಿ, ಮಾಂಸ ತಿನ್ನುವವರು ಇನ್ನೊಂದು ಹೊತ್ತು ಬೇರೆ ಹೋಗಲಿ. ಒಂದೇ ದಿನಕ್ಕೆ ನಿಲ್ಲುವವರಿಗೆ ಕೋಪಿಟಿಯಾಮ್ ತಿಂಡಿ, ಹಾಕರ್ ಊಟ, ಇವೆರಡೇ ಸಾಕು.

ಸೆಕೆ ತಡೆಯದವರನ್ನು ಮಧ್ಯಾಹ್ನ ಹಾಕರ್ ಸೆಂಟರಿಗೆ ಕರೆದೊಯ್ಯಬೇಡಿ. ಗೋಡೆಯಿಲ್ಲದ ಕಟ್ಟಡ, ಫ್ಯಾನ್ ಮಾತ್ರ. ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಂಡು ಹೊರಡಿ. ಮೆಟ್ರೋದಲ್ಲಿ ಮಾತ್ರ ಅದರ ಮುಚ್ಚಳ ತೆರೆಯುವ ಹಾಗಿಲ್ಲ. ಒಳಗೆ ತಿಂದರೂ ಕುಡಿದರೂ 500 ಡಾಲರಿನವರೆಗೆ ದಂಡ, ಹಣ್ಣಿನ ಅಂಗಡಿಯಲ್ಲಿ ಕೊಂಡ ಡ್ಯೂರಿಯನ್ ಎಂಬ ಗಾಢ ವಾಸನೆಯ ಹಣ್ಣನ್ನು ಒಳಗೆ ಒಯ್ಯುವಂತೆಯೇ ಇಲ್ಲ. ಅದನ್ನು ಅಂಗಡಿಯ ಮುಂದೆಯೇ ಬಿಡಿಸಿಕೊಂಡು, ತಿಂದು, ಕೈ ತೊಳೆದು ಹೊರಡಿ.